ಏಲಕ್ಕಿಯ ಬಾಕಿ, ಕೈರೋದ ಕಾಗದ



ಸಕಲೇಶಪುರದಿಂದ ಘಟ್ಟ ಇಳಿದು ಮಂಗಳೂರಿಗೆ ಹೋಗುವಾಗ ಇಕ್ಕೆಲದ ಕಾಡಿನ ನೆರಳನ್ನೂ ತೇವವನ್ನೂ ನೀವು ಗಮನಿಸಿರಬಹುದು. ಏಲಕ್ಕಿ ಬೆಳೆಯುವುದು ಇಂಥ ನೆಲದಲ್ಲಿ. ಕಡಲ ತೀರದ ಮರಳಿನಲ್ಲಲ್ಲ. ಏಲಕ್ಕಿ ಸಂಶೋಧನೆಯ ಕೇಂದ್ರವೊಂದು ಸಕಲೇಶಪುರದಲ್ಲಿ ಇರುವುದಕ್ಕೂ ಇದೇ ಕಾರಣ. ಹಾಗಾದರೆ 12ನೆಯ ಶತಮಾನದಲ್ಲಿ ಮಂಗಳೂರಿನ ವರ್ತಕರು ಹಡಗಿಗೇರಿಸುತ್ತಿದ್ದ ಏಲಕ್ಕಿ ಎಲ್ಲಿಂದ ಬರುತ್ತಿತ್ತು? ಬೆನ್ನ ಹಿಂದಿನ ಘಟ್ಟಸಾಲಿನಿಂದಲೇ ಅಲ್ಲವೆ?

ಆಗ ದೋರಸಮುದ್ರದಲ್ಲಿ ಹೊಯ್ಸಳ ವಿಷ್ಣುವರ್ಧನ ಆಳುತ್ತಿದ್ದ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು 1902ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ 5ನೆಯ ಸಂಪುಟವಾಗಿ ಪ್ರಕಟಿಸಿದರು. ದಾನ, ಯುದ್ಧ, ದೇಗುಲ, ವೀರಮರಣ ಎಲ್ಲವೂ ಅಲ್ಲಿವೆ. ಆದರೆ ಏಲಕ್ಕಿಗೆ ಮುಂಗಡ ಕೊಟ್ಟು ಕೈಸುಟ್ಟುಕೊಂಡವನ ಸಂಗತಿಯನ್ನು ಕಲ್ಲಿನ ಮೇಲೆ ಕೆತ್ತಿಸುವವರು ಯಾರು? ಅದು ಸಿಕ್ಕಿದ್ದು ಬಹು ದೂರದ ಕೈರೋದಲ್ಲಿ, ಹರಿದ ಕಾಗದದ ಮೇಲೆ.

ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಯೆಹೂದಿಗಳು ಎಸೆಯುತ್ತಿರಲಿಲ್ಲ. ಹಳೆಯ ಕೈರೋದ ಬೆನ್ ಎಜ್ರಾ ಪ್ರಾರ್ಥನಾ ಮಂದಿರದ ಕೋಣೆಯೊಂದರಲ್ಲಿ ಧರ್ಮಗ್ರಂಥಗಳ ಜೊತೆಗೆ ಪತ್ರ, ರಶೀದಿ, ಲೆಕ್ಕದ ಚೀಟಿಗಳೂ ಶತಮಾನಗಳ ಕಾಲ ಬಿದ್ದಿದ್ದವು. ಇದೇ 'ಗೆನಿಜಾ'. 1896–97ರಲ್ಲಿ ಸಾಲೊಮನ್ ಶೆಕ್ಟರ್ ಇದರ ಬಹುಭಾಗವನ್ನು ಕೇಂಬ್ರಿಡ್ಜಿಗೆ ಸಾಗಿಸಿದರು. ಪಂಡಿತರ ಕಣ್ಣು ಮೊದಲು ಬಿದ್ದದ್ದು ಧರ್ಮಗ್ರಂಥಗಳ ಮೇಲೆ. ಚೀಟಿಗಳ ಬೆಲೆಯನ್ನು ಜಗತ್ತಿಗೆ ತೋರಿಸಿಕೊಟ್ಟವರು ಶೆಲೊಮೊ ದೋವ್ ಗೊಯ್ಟೈನ್.

1900ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಗೊಯ್ಟೈನ್ 1923ರಲ್ಲಿ ಪ್ಯಾಲೆಸ್ಟೈನಿಗೆ ಹೋದರು. 1957ರಿಂದ ಅಮೆರಿಕದಲ್ಲಿ ಕೆಲಸ ಮಾಡಿದರು. ಈ ಚೀಟಿಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ತುಳುವನ್ನು ಕನ್ನಡ ಲಿಪಿಯಲ್ಲಿ ಬರೆದಂತೆ ಎನ್ನಿ. ಭಾರತದ ವ್ಯಾಪಾರದ ಪತ್ರಗಳನ್ನು ಅವರು ಒಂದೊಂದಾಗಿ ಕಲೆಹಾಕಿದರು. ಆದರೆ ಆ ವರ್ತಕರ ಮನೆ, ಮದುವೆ, ಸಾಲ, ಪಾಲುದಾರಿಕೆ ತಿಳಿಯದೆ ವ್ಯಾಪಾರವೂ ಅರ್ಥವಾಗದು ಎನಿಸಿ, ಆ ಕೆಲಸವನ್ನು ಬದಿಗಿಟ್ಟು 'ಎ ಮೆಡಿಟರೇನಿಯನ್ ಸೊಸೈಟಿ' ಬರೆಯತೊಡಗಿದರು. ಅದರ ಐದು ಸಂಪುಟಗಳು 1967ರಿಂದ 1988ರವರೆಗೆ ಹೊರಬಂದವು. ಕೊನೆಯದನ್ನು ಅಚ್ಚಿನಲ್ಲಿ ನೋಡಲು ಗೊಯ್ಟೈನ್ ಇರಲಿಲ್ಲ, 1985ರಲ್ಲಿ ತೀರಿಕೊಂಡಿದ್ದರು. ಭಾರತದ ಪತ್ರಗಳ ಗ್ರಂಥವನ್ನು ಮೊರ್ದೆಖೈ ಫ್ರೀಡ್‌ಮನ್ 2008ರಲ್ಲಿ ಹೊರತಂದರು.

ಆ ಪತ್ರಗಳ ಮುಖ್ಯ ವ್ಯಕ್ತಿ ಅಬ್ರಹಾಂ ಬೆನ್ ಯಿಜು. ಟ್ಯುನೀಸಿಯಾದ ಈ ಯೆಹೂದಿ ವರ್ತಕ 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. 1149ರಲ್ಲಿ ಏಡನ್ನಿಗೆ ಮರಳಿದ. ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳುಹಿಸಿದ. ಬರೆಯುವ ಕಾಗದವನ್ನು ಅಲ್ಲಿಂದ ತರಿಸಿಕೊಂಡ. ಒಮ್ಮೆ ಮುಂಗಡ ಹಣ ಪಡೆದ ಇಲ್ಲಿನ ದಲ್ಲಾಳಿ ಏಲಕ್ಕಿ ಒಪ್ಪಿಸಲೇ ಇಲ್ಲ. ನಷ್ಟ ಯಾರ ತಲೆಗೆ ಎಂದು ಏಡನ್ನಿನ ಪಾಲುದಾರರು ಪತ್ರದ ಮೇಲೆ ಪತ್ರ ಬರೆದರು. ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಈ ತಗಾದೆ ಇಂದಿನ ಮಲೆನಾಡಿನ ಬೆಳೆಗಾರರಿಗೂ ಹೊಸದೇನಲ್ಲ!

ಗೊಯ್ಟೈನರ ಪ್ರಭಾವ ಇತಿಹಾಸಕಾರರಲ್ಲಿಯೇ ನಿಲ್ಲಲಿಲ್ಲ. ಬೆನ್ ಯಿಜುವಿನ ಗುಲಾಮನೂ ವ್ಯಾಪಾರದ ಪ್ರತಿನಿಧಿಯೂ ಆಗಿದ್ದವನ ಹೆಸರು ಪತ್ರಗಳಲ್ಲಿ ಬ-ಮ-ಹ ಎಂಬ ಅಕ್ಷರಗಳಲ್ಲಷ್ಟೇ ಇತ್ತು. ಲೇಖಕ ಅಮಿತಾವ್ ಘೋಷ್ ಆ ಭಾಷೆ ಕಲಿತು, ಮಂಗಳೂರಿಗೆ ಬಂದು, ಪ್ರೊ. ಬಿ.ಎ. ವಿವೇಕ ರೈ ಅವರ ನೆರವಿನಿಂದ ಅದು ತುಳುನಾಡಿನ 'ಬೊಮ್ಮ' ಇರಬೇಕೆಂದು ವಾದಿಸಿದರು. 1992ರ 'ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್' ಕೃತಿಯಲ್ಲಿ ಆ ಕತೆಯಿದೆ. ಯಾವ ಶಾಸನವೂ ನೆನೆಯದ ಒಬ್ಬ ಸಾಮಾನ್ಯನಿಗೆ ಹೀಗೆ ಊರು, ಹೆಸರು ಎರಡೂ ದಕ್ಕಿದವು.

ವಿಜ್ಞಾನ ಓದಿದವನಾಗಿ ನನಗೆ ಗೊಯ್ಟೈನರ ವಿಧಾನ ಮೆಚ್ಚುಗೆಯಾಗುತ್ತದೆ. ಒಂದು ಚೀಟಿ ಏನನ್ನೂ ಸಾಧಿಸದು. ನೂರು ಚೀಟಿಗಳನ್ನು ಜೋಡಿಸಿದರೆ ಒಂದು ಸಮಾಜ ಕಾಣುತ್ತದೆ. ಆದರೆ ಜೋಡಿಸಲು ಚೀಟಿಗಳು ಉಳಿದಿರಬೇಕಲ್ಲ? ಆಲೂರು, ಸಕಲೇಶಪುರದ ಹಳೆಯ ತೋಟದ ಮನೆಗಳ ಅಟ್ಟದಲ್ಲಿ ಕೂಲಿಯ ಪಟ್ಟಿಗಳು, ಮಂಡಿಯ ಚೀಟಿಗಳು, ಸಾಲದ ಪುಸ್ತಕಗಳು ಇರಬಹುದು. ಅವುಗಳಲ್ಲಿ ಘಟ್ಟ ಹತ್ತಿ ಕೆಲಸಕ್ಕೆ ಬಂದವರ ಹೆಸರುಗಳಿರಬಹುದು. ಬೇರೆಲ್ಲಿಯೂ ಬರೆಯದ ಹೆಸರುಗಳು ಅವು. ನಮ್ಮ ಮಳೆಗಾಲಕ್ಕೂ ಗೆದ್ದಲಿಗೂ ಕೈರೋದ ಒಣ ಹವೆಯ ಕರುಣೆಯಿಲ್ಲ. ಅಟ್ಟ ಗುಡಿಸುವ ಮೊದಲು ನಿಮ್ಮ ಅಜ್ಜನನ್ನೋ ಅಜ್ಜಿಯನ್ನೋ ಕೂರಿಸಿಕೊಂಡು ಆ ಪುಟಗಳನ್ನು ಒಮ್ಮೆ ಓದಿಸಿ, ಬರೆದಿಟ್ಟುಕೊಳ್ಳಿ.