ಕಾಂಟ್ರಾ ಎಂಟ್ರಿಯಿಂದ ಪೈಥಾನ್‌ವರೆಗೆ: ಎರಡೂ ಕಡೆ ನೋಡೋ ಫಂಕ್ಷನ್‌ನ ಕಥೆ

(1/3)
ಇಂಟರ್ನಲ್ಸಲ್ಲಿ ನಂಗೆ 2 ಮಾರ್ಕ್ಸ್ ಹೋಯ್ತು. ಪ್ರಶ್ನೆ ಇಷ್ಟೇ: ಅಂಗಡಿಯ ಕ್ಯಾಶ್ 10,000 ರೂಪಾಯಿ ಬ್ಯಾಂಕಿಗೆ ಕಟ್ಟಿದ್ರು, ಟ್ಯಾಲಿಯಲ್ಲಿ ಯಾವ ವೋಚರ್? ಕ್ಯಾಶ್ ಹೊರಗೆ ಹೋಯ್ತಲ್ಲಾ ಅಂತ ಪೇಮೆಂಟ್, ಎಫ್5 ಅಂತ ಬರೆದುಬಿಟ್ಟೆ. ಸರಿಯುತ್ತರ ಕಾಂಟ್ರಾ, ಎಫ್4.

ನಾನು ಕ್ರೆಡಿಟ್ ಕಡೆ ಮಾತ್ರ ನೋಡಿದ್ದೆ. ಡೆಬಿಟ್, ಕ್ರೆಡಿಟ್ ಎರಡೂ ಕ್ಯಾಶ್ ಅಥವಾ ಬ್ಯಾಂಕ್ ಆದ್ರೆ ಕಾಂಟ್ರಾ. ಕ್ರೆಡಿಟ್ ಮಾತ್ರ ಆದ್ರೆ ಪೇಮೆಂಟ್, ಡೆಬಿಟ್ ಮಾತ್ರ ಆದ್ರೆ ರಿಸೀಟ್, ಎರಡೂ ಅಲ್ಲ ಅಂದ್ರೆ ಜರ್ನಲ್. (ಸೇಲ್ಸ್, ಪರ್ಚೇಸ್ ಸದ್ಯಕ್ಕೆ ಪಕ್ಕಕ್ಕಿಡಿ.) ಒಂದೇ ಕಡೆ ನೋಡಿ ಇದನ್ನ ಹೇಳೋಕೆ ಸಾಧ್ಯನೇ ಇಲ್ಲ.

ಕೋಡ್‌ನಲ್ಲಿ ಇದಕ್ಕೆ ಮಲ್ಟಿಪಲ್ ಡಿಸ್ಪ್ಯಾಚ್ ಅಂತಾರೆ. ಫಂಕ್ಷನ್‌ಗೆ ಕೊಟ್ಟ ಎಲ್ಲಾ ಆರ್ಗ್ಯುಮೆಂಟ್‌ಗಳ ಟೈಪ್ ನೋಡಿ, ಯಾವ ಕೋಡ್ ಓಡಬೇಕು ಅಂತ ತೀರ್ಮಾನ ಮಾಡೋದು.

(2/3)
ಸ್ಮಾಲ್‌ಟಾಕ್ ಕಾಲದಿಂದ ಆಬ್ಜೆಕ್ಟ್ ಭಾಷೆಗಳ ರೂಢಿ ಬೇರೆ. ಒಂದು ಆಬ್ಜೆಕ್ಟ್‌ಗೆ ಮೆಸೇಜ್ ಹೋಗುತ್ತೆ, ಏನು ಮಾಡಬೇಕು ಅನ್ನೋದು ಅದರದ್ದೇ ತೀರ್ಮಾನ. ಜೊತೆಗೆ ಬಂದ ಆರ್ಗ್ಯುಮೆಂಟ್ ಏನಿದ್ರೂ ಹಿಂದಿನ ಸೀಟು. ಬಹುಪಾಲು ಕೆಲಸಕ್ಕೆ ಇದು ಸಾಕು, ಸುಳ್ಳು ಹೇಳಬಾರದು. ಆದ್ರೆ ಎರಡು ವಸ್ತು ಕೂಡಿಸೋ ಜಾಗದಲ್ಲಿ ಕುಂಟುತ್ತೆ.

1986, ಅಮೆರಿಕದ ಪೋರ್ಟ್‌ಲ್ಯಾಂಡ್. ಊಪ್ಸ್ಲಾ ಅನ್ನೋ ಸಮ್ಮೇಳನ, ಅದೂ ಮೊಟ್ಟಮೊದಲನೇದು. ಅಲ್ಲಿ ಈ ಒಂದೇ ತೊಂದರೆಗೆ ಎರಡು ಉತ್ತರ ಬಂತು. ಸ್ಮಾಲ್‌ಟಾಕ್ ಕಟ್ಟಿದವರಲ್ಲಿ ಒಬ್ಬರಾದ ಡ್ಯಾನ್ ಇಂಗಲ್ಸ್ ಉಪಾಯ ಹೇಳಿದ್ರು: ಮೊದಲ ಆಬ್ಜೆಕ್ಟ್ ತನ್ನ ಗುರುತನ್ನ ಮೆಸೇಜ್ ಹೆಸರಲ್ಲೇ ಸೇರಿಸಿ ಎರಡನೇದಕ್ಕೆ ಕಳಿಸಲಿ. ಇದೇ ಡಬಲ್ ಡಿಸ್ಪ್ಯಾಚ್. ಕೆಲಸ ಆಗುತ್ತೆ, ಆದ್ರೆ ಹೊಸ ಟೈಪ್ ಒಂದು ಬಂದ್ರೆ ಹಳೆಯ ಕ್ಲಾಸ್‌ಗಳಿಗೆಲ್ಲಾ ಕೈಹಾಕಬೇಕು. ಇನ್ನೊಂದು ಉತ್ತರ ಜೆರಾಕ್ಸ್ ಪಾರ್ಕ್‌ನ ಡೇನಿಯಲ್ ಬೊಬ್ರೋ ಮತ್ತು ಜೊತೆಯವರ ಕಾಮನ್‌ಲೂಪ್ಸ್. ಅದರಲ್ಲಿ ಫಂಕ್ಷನ್ ಯಾವ ಕ್ಲಾಸಿನ ಮನೆಮಗನೂ ಅಲ್ಲ, ಹೊರಗೆ ಸ್ವತಂತ್ರವಾಗಿ ನಿಂತು ಎಲ್ಲರ ಮುಖ ನೋಡುತ್ತೆ. ಇದೂ ಫ್ಲೇವರ್ಸ್ ಅನ್ನೋ ಇನ್ನೊಂದು ಪದ್ಧತಿಯೂ ಸೇರಿ ಕ್ಲಾಸ್ (ಸಿ-ಎಲ್-ಓ-ಎಸ್) ಆಯ್ತು, ಮುಂದೆ ಕಾಮನ್ ಲಿಸ್ಪ್‌ನ 1994ರ ಆನ್ಸಿ ಸ್ಟ್ಯಾಂಡರ್ಡ್‌ನಲ್ಲಿ ಕೂತಿತು.

(3/3)
ಈಗ ನಮಗೆಲ್ಲ ಗೊತ್ತಿರೋ ಪೈಥಾನ್. ಕೂಡೋ ಚಿಹ್ನೆ ಕಂಡ್ರೆ ಸಾಮಾನ್ಯವಾಗಿ ಎಡಗಡೆಯವರನ್ನ ಮೊದಲು ಕೇಳುತ್ತೆ. ಅವರು ‘ನಂಗಾಗಲ್ಲ’ ಅಂದ್ರೆ ಬಲಗಡೆಯವರನ್ನ. ಅಂದ್ರೆ ಸಮಸ್ಯೆ ಅದಕ್ಕೂ ಗೊತ್ತು, ಪರಿಹಾರ ಮಾತ್ರ ತೇಪೆ.

2005ರಲ್ಲಿ ಪೈಥಾನ್ ಸೃಷ್ಟಿಸಿದ ಗೀಡೋ ವಾನ್ ರೊಸಮ್ ಅವರೇ ‘ಐದು ನಿಮಿಷದ’ ಮಲ್ಟಿಮೆಥಡ್ ಬರೆದು ತೋರಿಸಿದ್ರು. ಒಂದು ಡಿಕ್ಷನರಿ, ಕೀ ಜಾಗದಲ್ಲಿ ಟೈಪ್‌ಗಳ ಟಪಲ್, ಅಷ್ಟೇ! ಆದ್ರೆ ಅದು ಹುಡುಕೋದು ಅಚ್ಚೊತ್ತಿದ ಹಾಗೆ ಅದೇ ಟೈಪ್ ಇದ್ರೆ ಮಾತ್ರ. ಟ್ರೂ ಅನ್ನೋದು ಪೈಥಾನ್‌ನಲ್ಲಿ ಪೂರ್ಣಾಂಕದ ಸಂತಾನ, ಆದ್ರೂ ಪೂರ್ಣಾಂಕಕ್ಕೆ ಬರೆದ ಕೋಡ್ ಅದಕ್ಕೆ ಸಿಗಲ್ಲ.

2007ರಲ್ಲಿ ಫಿಲಿಪ್ ಈಬಿ ಪೂರ್ತಿ ವ್ಯವಸ್ಥೆಯ ಪ್ರಸ್ತಾವ ಇಟ್ರು, ಪೆಪ್ 3124. ಲಿಸ್ಪ್‌ನ ಘಮ ಇರೋ ದೊಡ್ಡ ಊಟ ಅದು. ಮುಂದೂಡಿದ್ರು. ಕೊನೆಗೆ ಬಂದದ್ದು ವುಕಾಶ್ ಲಾಂಗಾ ಅವರ ಪೆಪ್ 443, 2014ರ ಪೈಥಾನ್ 3.4 ಜೊತೆ. ಹೆಸರೇ ಸಿಂಗಲ್‌ಡಿಸ್ಪ್ಯಾಚ್: ಮೊದಲ ಆರ್ಗ್ಯುಮೆಂಟ್ ಮಾತ್ರ ನೋಡುತ್ತೆ. ನನ್ನ ಕ್ಯಾಶ್ ಪ್ರಶ್ನೆಗೆ ಇದು ನನ್ನಷ್ಟೇ ಮಾರ್ಕ್ಸ್ ತಗೊಳ್ಳುತ್ತೆ 😅 ಅರ್ಧ ದಾರಿಗೇ ನಿಲ್ಲಿಸಿದ್ರು ಅಂತ ನನ್ನ ಅನಿಸಿಕೆ, ಬೈಯ್ಯೋರು ಕಾಮೆಂಟಲ್ಲಿ ಬೈಯಿರಿ.

ಆ ಊಟವನ್ನ ಪೂರ್ತಿ ಬಡಿಸಿದ್ದು ಜೂಲಿಯಾ, 2012ರಲ್ಲಿ. ಅಲ್ಲಿ ಕೂಡೋ ಚಿಹ್ನೆಯೇ ಒಂದು ಫಂಕ್ಷನ್, ಅದಕ್ಕೆ ನೂರಕ್ಕೂ ಹೆಚ್ಚು ಮೆಥಡ್. ಅದನ್ನ ಕಟ್ಟಿದ ನಾಲ್ವರಲ್ಲಿ ಒಬ್ಬರು ವಿರಲ್ ಶಾ. ನಮ್ಮ ಬೆಂಗಳೂರಿನ ನಂದನ್ ನಿಲೇಕಣಿ ಜೊತೆ ಆಧಾರ್‌ನಲ್ಲಿ ಕೆಲಸ ಮಾಡಿದವರು.

ಎರಡು ಮೆಥಡ್ ಸಮಸಮವಾಗಿ ಹೊಂದಿದ್ರೆ? ಲಿಸ್ಪ್ ಎಡಗಡೆಯ ಆರ್ಗ್ಯುಮೆಂಟ್‌ಗೆ ಮಣೆ ಹಾಕಿ ಮುಂದೆ ಹೋಗುತ್ತೆ. ಜೂಲಿಯಾ ಹಾಗಲ್ಲ, ಗೊಂದಲ ಇದೆ ಅಂತ ಎರರ್ ಎಸೆದು ನಿಂತುಬಿಡುತ್ತೆ. ನಮ್ಮ ಲ್ಯಾಬ್ ಮೇಡಂ ಪಕ್ಕಾ ಜೂಲಿಯಾ.