ದುಡ್ಡಿದ್ದವರ ಮನೆಗಳು – ಭಾಗ 4: ಹರ್ಸ್ಟ್ ಕ್ಯಾಸಲ್, ಕ್ಯಾಲಿಫೋರ್ನಿಯಾ

ಮೊದಲ ಫೋಟೋದಲ್ಲಿರೋ ನೀಲಿ ಈಜುಕೊಳ ನೋಡಿದ್ರಾ? ಸುಮಾರು 13 ಲಕ್ಷ ಲೀಟರ್ ನೀರು ಹಿಡಿಯುತ್ತೆ. ಕಟ್ಟಿದ್ದು ಒಂದು ಸಲ ಅಲ್ಲ. ಕಟ್ಟಿ, ಸಾಲಲ್ಲ ಅಂತ ದೊಡ್ಡದು ಮಾಡಿ, ಮತ್ತೂ ಸಾಲಲ್ಲ ಅಂತ ಇನ್ನೂ ದೊಡ್ಡದು ಮಾಡಿದ್ದು. ಬಿಕಾಂ ಓದೋ ನನಗೆ ಇದನ್ನ ಬರೆಯುವಾಗಲೇ ಹೊಟ್ಟೆ ಉರಿಯುತ್ತೆ.

ಫೋಟೋ ಎಲ್ಲಾ ನಮ್ಮಕ್ಕಂದು. ಸ್ಯಾನ್ ಹೋಸೆಯಿಂದ ಕಾರಲ್ಲಿ ಹೋಗಿದ್ಲು. ಸ್ಯಾನ್ ಸಿಮಿಯನ್ ಅನ್ನೋ ಕಡಲತೀರದ ಊರು, ಹಿಂದೆ ಗುಡ್ಡ, ಗುಡ್ಡದ ಮೇಲೆ ಈ ಮನೆ. ಪತ್ರಿಕೆಗಳ ದೊರೆ ವಿಲಿಯಂ ರಾಂಡಾಲ್ಫ್ ಹರ್ಸ್ಟ್‌ಗೆ ಅಲ್ಲಿ ಟೆಂಟ್ ಹಾಕಿ ಇದ್ದು ಇದ್ದು ಸಾಕಾಗಿ, ಚಿಕ್ಕದಾಗಿ ಏನಾದ್ರೂ ಕಟ್ಟೋಣ ಅಂತ 1919ರಲ್ಲಿ ಶುರು ಮಾಡಿದ. ಆ ಚಿಕ್ಕದು 165 ಕೋಣೆ ಆಯ್ತು!

ಕಟ್ಟಿದವರ ಹೆಸರು ಗೊತ್ತಾ? ಜೂಲಿಯಾ ಮಾರ್ಗನ್. ಕ್ಯಾಲಿಫೋರ್ನಿಯಾದಲ್ಲಿ ಆರ್ಕಿಟೆಕ್ಟ್ ಲೈಸೆನ್ಸ್ ಪಡೆದ ಮೊದಲ ಹೆಂಗಸು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಾರವಿಡೀ ಆಫೀಸು, ವಾರದ ಕೊನೆಗೆ ರೈಲು ಹತ್ತಿ ಇಲ್ಲಿಗೆ. ಸುಮಾರು 28 ವರ್ಷ. ಮನೆಗೆ ಮಾತ್ರ ದುಡ್ಡು ಕೊಟ್ಟವನ ಹೆಸರು. ಅಮೆರಿಕದ ಆರ್ಕಿಟೆಕ್ಟ್‌ಗಳ ಸಂಸ್ಥೆ ಆಕೆಗೆ ಚಿನ್ನದ ಪದಕ ಕೊಟ್ಟಿದ್ದು 2014ರಲ್ಲಿ, ಆಕೆ ತೀರಿಕೊಂಡು 57 ವರ್ಷ ಆದ್ಮೇಲೆ.

1937ರಲ್ಲಿ ಸಾಲ ಕುತ್ತಿಗೆಗೆ ಬಂತು. ಕಟ್ಟಡ ಕೆಲಸ ನಿಂತಿತು. ಅವನು ಕೂಡಿಟ್ಟ ಕಲಾವಸ್ತುಗಳು 1941ರಲ್ಲಿ ನ್ಯೂಯಾರ್ಕಿನ ಡಿಪಾರ್ಟ್‌ಮೆಂಟ್ ಸ್ಟೋರಲ್ಲಿ ಬೆಲೆಚೀಟಿ ಅಂಟಿಸಿಕೊಂಡು ಮಾರಾಟಕ್ಕೆ ಕೂತವು. ಅವನದೊಂದು ಖಾಸಗಿ ಮೃಗಾಲಯವೂ ಇತ್ತು, ಅದೂ ಖಾಲಿ ಆಯ್ತು. ಜೀಬ್ರಾಗಳು ಮಾತ್ರ ಉಳಿದುಕೊಂಡ್ವು. ಅವುಗಳ ಸಂತತಿ ಈಗ್ಲೂ ಹೆದ್ದಾರಿ ಪಕ್ಕ ದನಗಳ ಜೊತೆ ಮೇಯುತ್ತೆ (ಫೋಟೋ 5, ಎಡಿಟ್ ಅಲ್ಲ, ಆಣೆ).

ಈಗ ಕೊನೇ ಫೋಟೋಗೆ ಬನ್ನಿ. ಕ್ಯಾಸಲ್‌ನಿಂದ ಉತ್ತರಕ್ಕೆ ಏಳೆಂಟು ಕಿ.ಮೀ., ಪಿಯೆಡ್ರಾಸ್ ಬ್ಲಾಂಕಾಸ್. ಮರಳಲ್ಲಿ ಬಿದ್ದಿರೋದು ಬಂಡೆ ಅಲ್ಲ, ಎಲಿಫೆಂಟ್ ಸೀಲ್. ಗಂಡು ಎರಡು ಟನ್ ತೂಗುತ್ತೆ, ಮೂಗು ಗಿಡ್ಡ ಸೊಂಡಿಲಿನ ಹಾಗೆ ಜೋತಾಡುತ್ತೆ. 19ನೇ ಶತಮಾನದಲ್ಲಿ ಎಣ್ಣೆಗಾಗಿ ಕೊಂದು ಕೊಂದು, ಮೆಕ್ಸಿಕೋದ ಗ್ವಾಡಲೂಪೆ ದ್ವೀಪದಲ್ಲಿ ನೂರಕ್ಕೂ ಕಡಿಮೆ ಉಳಿದಿದ್ವು ಅಂತ ಅಂದಾಜು. ಇತ್ತ ಗುಡ್ಡದ ಮೇಲೆ ಮನೆ ಏಳ್ತಿದ್ದಾಗ, 1922ರಲ್ಲಿ, ಮೆಕ್ಸಿಕೋ ಬೇಟೆ ನಿಷೇಧಿಸಿತು. ಹರ್ಸ್ಟ್ ಕಾಲದಲ್ಲಿ ಈ ದಡದಲ್ಲಿ ಒಂದೂ ನೆಲೆಸಿರಲಿಲ್ಲ. 1990ರಲ್ಲಿ ಒಂದಷ್ಟು ತಾವಾಗೇ ಬಂದ್ವು, 1992ರಲ್ಲಿ ಮೊದಲ ಮರಿ. ಈಗ ಇಲ್ಲಿಗೆ ಬಂದುಹೋಗೋದು 25,000ದಷ್ಟು. ಅಷ್ಟೂ ಆ ಕೆಲವೇ ಪ್ರಾಣಿಗಳ ವಂಶ. ಹಾಗಾಗಿ ಒಳಗಿನ ವೈವಿಧ್ಯ ತೀರಾ ಕಮ್ಮಿ. ಒಂದು ಹೊಸ ರೋಗ ಬಂದ್ರೆ ತಡ್ಕೊಳ್ಳುತ್ತಾ ಅನ್ನೋ ಭಯ ಹೋಗಿಲ್ಲ.

ಅಲ್ಲಿಗೆ ಹೋಗೋರಿದ್ರೆ ಜನವರಿ ಕೊನೆಗೆ ಹೋಗಿ, ಮರಿ ಹಾಕೋ ಸಮಯ. ಕ್ಯಾಸಲ್‌ಗೆ ಟಿಕೆಟ್ ಮೊದಲೇ ಬುಕ್ ಮಾಡಿ. ಸೀಲ್‌ಗಳಿಗೆ ಟಿಕೆಟ್ ಇಲ್ಲ. ಕಟ್ಟೆ ಇಳಿದು ಸೆಲ್ಫಿಗೆ ಮಾತ್ರ ಹೋಗಬೇಡಿ. ಅಕ್ಕ ಕಳಿಸಿದ ವಿಡಿಯೋದಲ್ಲಿ ಅವುಗಳ ಗೊರಕೆ, ಕೂಗಾಟದ ಮಧ್ಯೆ ಅವಳ ಮಾತೇ ಕೇಳಿಸ್ತಿಲ್ಲ.