ಐಆರ್ ಬ್ಲಾಸ್ಟರ್

ಒಂದು ಉಪಕರಣವು ಇನ್ನೊಂದನ್ನು ರಿಮೋಟ್‌ನಂತೆ ನಿಯಂತ್ರಿಸಲು ನೆರವಾಗುವ ಅವಕೆಂಪು ಸಂಕೇತ ಸಾಧನ. ಕೇಬಲ್ ಬಾಕ್ಸ್‌ನಿಂದ ಡಿವಿಡಿ ರೆಕಾರ್ಡರ್‌ಗೆ ನಿಗದಿತ ಸಮಯದಲ್ಲಿ ಕಾರ್ಯಕ್ರಮ ಮುದ್ರಿಸಿಕೊಳ್ಳಲು 2000ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಯಲ್ಲಿತ್ತು.

ಅಗತ್ಯ: ಗೂಢಲಿಪೀಕರಿಸಿದ ವಾಹಿನಿಗಳನ್ನು ರೆಕಾರ್ಡರ್‌ನ ಸ್ವಂತ ಟ್ಯೂನರ್ ಹಿಡಿಯಲಾರದು, ಬಾಕ್ಸ್ ಬಿಡಿಸಿಕೊಟ್ಟ ಚಿತ್ರವನ್ನು ಲೈನ್ ಇನ್‌ಪುಟ್‌ನಲ್ಲೇ ಪಡೆಯಬೇಕು. ಹೀಗಾಗಿ ವೀಕ್ಷಕರು ಎರಡು ಕಡೆಯೂ ಟೈಮರ್ ಹೊಂದಿಸಬೇಕಿತ್ತು. ಬ್ಲಾಸ್ಟರ್ ಈ ತೊಡಕನ್ನು ತಪ್ಪಿಸಿತು.

ಕಾರ್ಯವಿಧಾನ: ತೆಳು ತಂತಿಯ ತುದಿಯಲ್ಲಿರುವ ಎಲ್‌ಇಡಿಯನ್ನು ರೆಕಾರ್ಡರ್‌ನ ರಿಮೋಟ್ ಗ್ರಾಹಕದ ಮುಂದೆ ಅಂಟಿಸಲಾಗುತ್ತದೆ. ಬಾಕ್ಸ್‌ನಲ್ಲಿ ರೆಕಾರ್ಡರ್‌ನ ತಯಾರಕರ ಸಂಕೇತಸಂಖ್ಯೆ ಆಯ್ದರೆ, ಹೊತ್ತಿಗೆ ಸರಿಯಾಗಿ ಪವರ್, ರೆಕಾರ್ಡ್, ಸ್ಟಾಪ್ ಆದೇಶಗಳು ಸಾಮಾನ್ಯವಾಗಿ 38 ಕಿಲೋಹರ್ಟ್ಸ್ ಆಸುಪಾಸಿನ ವಾಹಕ ಆವರ್ತನದಲ್ಲಿ ಹೊರಡುತ್ತವೆ. ಜಿ-ಲಿಂಕ್ ಎಂಬ ವ್ಯವಸ್ಥೆಯಲ್ಲಿ ದಿಕ್ಕು ತಿರುವುಮುರುವು: ರೆಕಾರ್ಡರ್ ಬಾಕ್ಸ್‌ನ ವಾಹಿನಿ ಬದಲಿಸುತ್ತದೆ.

ಮಿತಿಗಳು: ಸಂವಹನ ಏಕಮುಖ, ಆದೇಶ ತಲುಪಿತೇ ಎಂದು ಬಾಕ್ಸ್‌ಗೆ ತಿಳಿಯದು. ಪವರ್ ಆದೇಶ ಒಂದೇ ಗುಂಡಿಯದ್ದಾದರೆ, ಮೊದಲೇ ಚಾಲೂ ಇದ್ದ ರೆಕಾರ್ಡರ್ ಆರಿಹೋಗಿ ಕಾರ್ಯಕ್ರಮವೇ ಕೈತಪ್ಪುತ್ತದೆ. ಡಿವಿಡಿ ರೆಕಾರ್ಡರ್ ಎಚ್ಚೆತ್ತು ಡಿಸ್ಕ್ ಓದಲು ವಿಸಿಆರ್‌ಗಿಂತ ಹೆಚ್ಚು ಹೊತ್ತು ಬೇಕು. ಅಷ್ಟರೊಳಗೆ ಬಂದ ರೆಕಾರ್ಡ್ ಆದೇಶ ವ್ಯರ್ಥ. ರೆಕಾರ್ಡರನ್ನು ಮೊದಲೇ ಸಿದ್ಧಗೊಳಿಸಿಡುವುದು, ಇಲ್ಲವೇ ಎರಡೂ ಕಡೆ ಟೈಮರ್ ಇಡುವುದೇ ಭರವಸೆಯ ದಾರಿ.

ಪರ್ಯಾಯ: ಯುರೋಪ್‌ನಲ್ಲಿ ಸ್ಕಾರ್ಟ್ ತಂತಿಯ 8ನೇ ಪಿನ್‌ನ ವೋಲ್ಟೇಜ್ ಏರಿದೊಡನೆ ಮುದ್ರಣ ಆರಂಭಿಸುವ ಸೌಲಭ್ಯ ಹಲವು ರೆಕಾರ್ಡರ್‌ಗಳಲ್ಲಿತ್ತು. ಟ್ಯೂನರ್, ಡಿಕೋಡರ್, ಹಾರ್ಡ್ ಡಿಸ್ಕ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಸೇರಿಸಿದ ಡಿವಿಆರ್‌ಗಳು ಹರಡಿದಂತೆ ಬ್ಲಾಸ್ಟರ್ ಜೋಡಣೆ ಹಿಂದೆ ಸರಿಯಿತು.